ಮೈನ್‌ಕ್ರಾಫ್ಟ್ ಕೈ ಬದಲಾಯಿತು, ಎರಡನೇ ಭಾಗ ಏಕೆ ಬರಲಿಲ್ಲ?

ಪ್ರಶ್ನೆ: ನನ್ನ ಮಗನಿಗೆ ಹನ್ನೆರಡು ವರ್ಷ. ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಮೈನ್‌ಕ್ರಾಫ್ಟ್ ಎಂಬ, ಬ್ಲಾಕ್‌ಗಳಿಂದ ಲೋಕ ಕಟ್ಟುವ ಆಟ ಆಡುತ್ತಿದ್ದಾನೆ. ಈಗ ಮನೆಗೆ ಲ್ಯಾಪ್‌ಟಾಪ್ ಬಂದಿದೆ, ಅದರಲ್ಲೂ ಆ ಆಟ ಬೇಕು ಎನ್ನುತ್ತಿದ್ದಾನೆ. ಮೈಕ್ರೋಸಾಫ್ಟ್ ಈ ಆಟವನ್ನು ಕೊಂಡು ಹತ್ತು ವರ್ಷದ ಮೇಲಾಯಿತು ಎಂದು ಓದಿದೆ. ಅಷ್ಟು ಹಣ ಸುರಿದ ಕಂಪನಿ ಇನ್ನೂ 'ಮೈನ್‌ಕ್ರಾಫ್ಟ್ 2' ತಂದಿಲ್ಲವೇಕೆ? ದೊಡ್ಡ ಕಂಪನಿಯ ಕೈಗೆ ಬಂದ ಮೇಲೆ ಆಟಕ್ಕೆ ಎರಡನೇ ಭಾಗ ಬರಬೇಕಲ್ಲವೇ? ಈಗ ಹಳೆಯದನ್ನು ಕೊಂಡು ನಾಳೆ ಹೊಸದು ಬಂದರೆ ಹಣ ವ್ಯರ್ಥವಾಗುವುದಿಲ್ಲವೇ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಕೊಡಿಸಿ, ಕಾಯಬೇಡಿ. ಎರಡನೇ ಭಾಗ ಸದ್ಯಕ್ಕೆ ಬರುವ ಲಕ್ಷಣವಿಲ್ಲ, ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಿಮ್ಮ ಪ್ರಶ್ನೆಯ ಹಿಂದಿರುವ ತರ್ಕ ಸಹಜವಾದದ್ದು. ಆಟವನ್ನು ಕೊಂಡವರು ಹಾಕಿದ ಹಣ ಹಿಂದಕ್ಕೆ ಪಡೆಯಬೇಕು, ಅದಕ್ಕೆ ಹೊಸದೊಂದನ್ನು ಮಾರಬೇಕು ಎಂದು ಯಾರಾದರೂ ಯೋಚಿಸುತ್ತಾರೆ. ಈ ತರ್ಕ ಮೈನ್‌ಕ್ರಾಫ್ಟ್‌ನಲ್ಲಿ ಏಕೆ ಕೆಲಸ ಮಾಡಲಿಲ್ಲ, ಇನ್ನೊಂದು ಆಟದಲ್ಲಿ ಕೆಲಸ ಮಾಡಿ ಎಂಥ ಅನಾಹುತ ತಂದಿತು ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಖರೀದಿಯ ಕಥೆ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಇನ್ನೂ ಅರೆಬರೆಯಾಗಿದ್ದ ಆಟವನ್ನು ಜನರ ಕೈಗೆ ಕೊಟ್ಟರು. ಆಡುವವರು ಹಣ ಕೊಟ್ಟರು, ಆ ಹಣದಲ್ಲಿ ಆಟ ಬೆಳೆಯಿತು, ಸ್ಟಾಕ್‌ಹೋಮ್‌ನಲ್ಲಿ ಮೊಜಾಂಗ್ ಎಂಬ ಸಂಸ್ಥೆ ಹುಟ್ಟಿತು. 2011ರ ನವೆಂಬರ್ 18ರಂದು ಪೂರ್ಣ ಆವೃತ್ತಿ ಹೊರಬಂದಾಗ ಆಟ ಆಗಲೇ ಜಗತ್ತಿನಾದ್ಯಂತ ಮನೆಮಾತಾಗಿತ್ತು. ಅದರ ಬೆನ್ನಿಗೇ ಪರ್ಸನ್ ಆಟದ ಹೊಣೆಯನ್ನು ಸಹೋದ್ಯೋಗಿ ಯೆನ್ಸ್ ಬರ್ಗೆನ್‌ಸ್ಟೆನ್ ಅವರಿಗೆ ವಹಿಸಿದರು. 2014ರ ಜೂನ್ ಹೊತ್ತಿಗೆ ಹಲವರು ಒಟ್ಟಿಗೆ ಆಡುವ ಸರ್ವರ್‌ಗಳಲ್ಲಿ ಹಣ ವಸೂಲಿಯ ನಿಯಮಗಳ ಕುರಿತು ಆಟಗಾರರು ಪರ್ಸನ್ ಮೇಲೆ ಮುಗಿಬಿದ್ದಿದ್ದರು. ರೋಸಿಹೋದ ಪರ್ಸನ್, ನನ್ನ ಪಾಲನ್ನು ಯಾರಾದರೂ ಕೊಳ್ಳುತ್ತೀರಾ ಎಂದು ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಕೇಳಿದರು. ಸೆಪ್ಟೆಂಬರ್ 15ರಂದು ಮೈಕ್ರೋಸಾಫ್ಟ್ 250 ಕೋಟಿ ಡಾಲರ್‌ಗೆ ಮೊಜಾಂಗನ್ನು ಕೊಳ್ಳುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ವ್ಯವಹಾರ ಮುಗಿಯಿತು. ಸ್ಥಾಪಕರು ಮೂವರೂ ಹೊರನಡೆದರು, ಬರ್ಗೆನ್‌ಸ್ಟೆನ್ ಉಳಿದರು. ಈ ಕೊನೆಯ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮಾಲೀಕರು ಬದಲಾದರೂ ಆಟವನ್ನು ದಿನನಿತ್ಯ ಕಟ್ಟುವ ಕೈಗಳು ಬದಲಾಗಲಿಲ್ಲ.

ಆಗ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾಗಿ ಸತ್ಯ ನಾಡೆಲ್ಲಾ ಕುಳಿತು ಏಳು ತಿಂಗಳಾಗಿತ್ತು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. ನೋಕಿಯಾ ಖರೀದಿ ಹಿಂದಿನ ಮುಖ್ಯಸ್ಥರು ಕುದುರಿಸಿದ್ದು. ಮೈನ್‌ಕ್ರಾಫ್ಟ್ ನಾಡೆಲ್ಲಾ ಅವರದೇ ಮೊದಲ ದೊಡ್ಡ ಖರೀದಿ. ಬೆಲೆ ಕೇಳಿ ಹಲವರು ಹುಬ್ಬೇರಿಸಿದ್ದರು. ಒಂದೇ ಆಟವಿರುವ, ಆ ಆಟವನ್ನು ಹುಟ್ಟಿಸಿದವರೇ ಬಿಟ್ಟುಹೋಗುತ್ತಿರುವ ಪುಟ್ಟ ಸಂಸ್ಥೆಗೆ ಅಷ್ಟು ಹಣವೇ? ಎರಡನೇ ಭಾಗ ಬಂದೇ ಬರುತ್ತದೆ, ಅದೂ ಮೈಕ್ರೋಸಾಫ್ಟ್‌ನ ಸ್ವಂತ ಆಟದ ಯಂತ್ರವಾದ ಎಕ್ಸ್‌ಬಾಕ್ಸ್‌ಗೆ ಮಾತ್ರ ಬರುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಎಕ್ಸ್‌ಬಾಕ್ಸ್ ವಿಭಾಗದ ಆಗಿನ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಮಾತ್ರ ಖರೀದಿಯ ನಂತರದ ಮಾತುಕತೆಗಳಲ್ಲಿ, ಎರಡನೇ ಭಾಗ ತರುವುದು ಅಷ್ಟು ಅರ್ಥಪೂರ್ಣ ಎನಿಸುವುದಿಲ್ಲ, ಈಗಿರುವ ಆಟಗಾರರ ಅಗತ್ಯವನ್ನು ನೋಡಿಕೊಳ್ಳಬೇಕು ಎಂಬ ಧಾಟಿಯಲ್ಲಿ ಹೇಳಿದ್ದರು. ದೊಡ್ಡ ಕಂಪನಿಯವರು ಖರೀದಿಯ ಹೊತ್ತಿಗೆ ಆಡುವ ಮಾತುಗಳು ಬಹುಮಟ್ಟಿಗೆ ಗಾಳಿಗೆ ಹೋಗುತ್ತವೆ. ಈ ಮಾತು ಹೋಗಲಿಲ್ಲ.

ಅಂಕಿಗಳನ್ನೇ ನೋಡಿ. ಖರೀದಿಯ ಹೊತ್ತಿಗೆ ಮಾರಾಟವಾಗಿದ್ದ ಪ್ರತಿಗಳು ಸುಮಾರು 5.4 ಕೋಟಿ. 2016ಕ್ಕೆ 10 ಕೋಟಿ, 2020ರ ಮೇ ತಿಂಗಳಿಗೆ 20 ಕೋಟಿ, 2023ರ ಅಕ್ಟೋಬರ್‌ಗೆ 30 ಕೋಟಿ ದಾಟಿತು. ಐದರಲ್ಲಿ ನಾಲ್ಕು ಪಾಲು ಪ್ರತಿಗಳು ಮೈಕ್ರೋಸಾಫ್ಟ್ ಕೈಗೆ ಬಂದ ಮೇಲೆ ಮಾರಾಟವಾದವು, ಅದೂ ಅದೇ ಹಳೆಯ ಹೆಸರಿನಲ್ಲಿ. ಫಲ ಕೊಡುತ್ತಿರುವ ಅಡಿಕೆ ತೋಟವನ್ನು ಕೊಂಡವನು ಮರ ಕಡಿದು ಹೊಸ ಸಸಿ ನೆಡುವುದಿಲ್ಲ, ನಿಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎರಡನೇ ಭಾಗಗಳು ಯಾವಾಗ ಬೇಕಾಗುತ್ತವೆ? ಕಥೆಯಿರುವ ಆಟಕ್ಕೆ ಬೇಕು. ಮೈಕ್ರೋಸಾಫ್ಟ್ 2000ದಲ್ಲಿ ಬಂಜಿ ಎಂಬ ಸಂಸ್ಥೆಯನ್ನು ಕೊಂಡಿತು, ಮರುವರ್ಷ ಹೇಲೋ ಎಂಬ ಆಟ ಬಂತು, 2004ರಲ್ಲಿ ಹೇಲೋ 2 ಬಂತು. ಅಲ್ಲೊಬ್ಬ ನಾಯಕನಿದ್ದ, ಯುದ್ಧವಿತ್ತು, ಮುಂದೇನಾಯಿತು ಎಂಬ ಪ್ರಶ್ನೆಯಿತ್ತು. ಆ ಆಟವನ್ನು ಆಡಿ ಮುಗಿಸಬಹುದು, ಮುಗಿಸಿದವನಿಗೆ ಮುಂದಿನದು ಬೇಕಾಗುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿಯೂ ಕೊಲ್ಲಲು ಒಂದು ಡ್ರ್ಯಾಗನ್ ಇದೆ ನಿಜ. ಆದರೆ ಅದನ್ನು ಕೊಂದ ಮಕ್ಕಳು ಆಟ ನಿಲ್ಲಿಸುವುದಿಲ್ಲ. ವಾಪಸ್ಸು ಬಂದು ಅರ್ಧಕ್ಕೆ ಬಿಟ್ಟ ಕೋಟೆಯ ಗೋಡೆ ಕಟ್ಟುತ್ತಾರೆ. ಇಲ್ಲಿ ಕಂಪನಿ ಕೊಟ್ಟದ್ದು ಕಲ್ಲು, ಮಣ್ಣು, ಮರ ಮತ್ತು ನಿಯಮಗಳು ಮಾತ್ರ. ಮೌಲ್ಯವಿರುವುದು ಅದರಿಂದ ನಿಮ್ಮ ಮಗ ಕಟ್ಟಿಕೊಂಡಿರುವ ಲೋಕದಲ್ಲಿ. ಎರಡನೇ ಭಾಗ ಎಂದರೆ ಆ ಲೋಕವನ್ನು ಬಿಟ್ಟು ಬಾ ಎಂದು ಹೇಳಿದಂತೆ.

ಇದು ಭಾವುಕತೆಯ ಮಾತಲ್ಲ, ತಂತ್ರಾಂಶದೊಳಗೆ ಇಣುಕಿದರೆ ಕಾಣುವ ಸಂಗತಿ. ಮೈನ್‌ಕ್ರಾಫ್ಟ್ ಒಂದು ಲೋಕವನ್ನು ಹದಿನಾರು ಬ್ಲಾಕ್ ಉದ್ದ, ಹದಿನಾರು ಬ್ಲಾಕ್ ಅಗಲದ ತುಂಡುಗಳಾಗಿ ಉಳಿಸಿಡುತ್ತದೆ. ಆಟಗಾರರು ಇವನ್ನು ಚಂಕ್ ಎನ್ನುತ್ತಾರೆ. ಮೊದಲು ಲೋಕದ ಎತ್ತರ 128 ಬ್ಲಾಕ್ ಇತ್ತು. 2012ರ ಮಾರ್ಚ್‌ನಲ್ಲಿ ಉಳಿಸಿಡುವ ಕ್ರಮವನ್ನೇ ಬದಲಿಸಿ 256ಕ್ಕೆ ಏರಿಸಿದರು. ಹಳೆಯ ಲೋಕಗಳನ್ನು ಹೊಸ ಕ್ರಮಕ್ಕೆ ಪರಿವರ್ತಿಸುವ ವ್ಯವಸ್ಥೆಯನ್ನೂ ಜೊತೆಗೇ ಕೊಟ್ಟರು. 2018ರವರೆಗೆ ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದೊಂದು ಅಂಕಿ ಇರುತ್ತಿತ್ತು. 35 ಎಂದರೆ ಬಿಳಿ ಉಣ್ಣೆ, 35:1 ಎಂದರೆ ಕಿತ್ತಳೆ ಉಣ್ಣೆ. ಅಂಕಿಗಳು ಸಾಲದೆ ಹೋದಾಗ ಆ ಪದ್ಧತಿಯನ್ನು ಕಿತ್ತುಹಾಕಿ, ಪ್ರತಿ ವಸ್ತುವಿಗೂ ಹೆಸರು ಕೊಟ್ಟರು. ಮತ್ತೆ ಹಳೆಯ ಲೋಕಗಳನ್ನೆಲ್ಲ ತೆರೆದ ಕೂಡಲೇ ತರ್ಜುಮೆ ಮಾಡಿಕೊಳ್ಳುವ ತಂತ್ರಾಂಶ ಬರೆದರು. ತಂತ್ರಾಂಶ ಬರೆಯುವವರಿಗೆ ಗೊತ್ತು, ಇದಕ್ಕಿಂತ ಬೇಸರದ, ಇದಕ್ಕಿಂತ ಶ್ರಮದ ಕೆಲಸ ಇನ್ನೊಂದಿಲ್ಲ. ಹೊಸದಾಗಿ ಆರಂಭಿಸಿದ್ದರೆ ಇದಾವುದೂ ಬೇಕಿರಲಿಲ್ಲ.

ನನಗೆ ತೀರ ಮೆಚ್ಚುಗೆಯಾದದ್ದು 2021ರ ಕೆಲಸ. ಗುಹೆಗಳನ್ನೂ ಬೆಟ್ಟಗಳನ್ನೂ ಹೊಸದಾಗಿ ರೂಪಿಸುವುದಾಗಿ ಮೊಜಾಂಗ್ 2020ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು. ಕೆಲಸ ಅಂದುಕೊಂಡದ್ದಕ್ಕಿಂತ ಕಠಿಣವಾಗಿ, ಕೋವಿಡ್ ಕಾಲದ ಒತ್ತಡವೂ ಸೇರಿ, ಎರಡು ಕಂತುಗಳಾಗಿ ಒಡೆಯಬೇಕಾಯಿತು. ಎರಡನೇ ಕಂತು 2021ರ ನವೆಂಬರ್ 30ರಂದು ಬಂದಿತು. ಅದರಲ್ಲಿ ಲೋಕ ಮೇಲಕ್ಕೆ 64 ಬ್ಲಾಕ್, ಕೆಳಕ್ಕೆ 64 ಬ್ಲಾಕ್ ಬೆಳೆಯಿತು. ಸಮಸ್ಯೆ ಏನೆಂದರೆ, ಹಳೆಯ ಲೋಕಗಳ ತಳದಲ್ಲಿ ಒಡೆಯಲಾಗದ ಬಂಡೆಯ ಪದರವಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಹೊಸ ಲೋಕ ಆರಂಭಿಸಿದರೆ ಮಾತ್ರ ಹೊಸ ಗುಹೆಗಳು ಸಿಗುತ್ತವೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಹಳೆಯ ಲೋಕವನ್ನು ತೆರೆದಾಗ ಆ ತಳದ ಬಂಡೆ ಮಾಯವಾಗಿ, ಅಲ್ಲಿ ಕಪ್ಪು ಸ್ಲೇಟಿನಂಥ ಕಲ್ಲು ಕೂತು, ಅದರ ಕೆಳಗೆ ಹೊಸ ನೆಲ, ಹೊಸ ಗುಹೆ, ಹೊಸ ಅದಿರು ಹುಟ್ಟಿಕೊಳ್ಳುವಂತೆ ಮಾಡಿದರು. ಮೇಲೆ ಕಟ್ಟಿದ ಮನೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಹಳೆಯ ನೆಲ ಮುಗಿದು ಹೊಸ ನೆಲ ಶುರುವಾಗುವ ಕಡೆ, ಹಿಂದಿನ ಅಪ್‌ಡೇಟ್‌ಗಳಲ್ಲಿ ಚಾಕುವಿನಿಂದ ಕತ್ತರಿಸಿದಂತೆ ಕಡಿದಾದ ಗೋಡೆ ಎದ್ದು ನಿಲ್ಲುತ್ತಿತ್ತು. ಈ ಸಲ ಆ ಅಂಚನ್ನೂ ನಯವಾಗಿ ಬೆಸೆದರು.

ಇದು ಎರಡನೇ ಭಾಗವಲ್ಲದೆ ಇನ್ನೇನು? ಬೇರೆ ಕಂಪನಿಯಾಗಿದ್ದರೆ ಇಷ್ಟು ಬದಲಾವಣೆಯನ್ನು ಹೊಸ ಡಬ್ಬಿಗೆ ಹಾಕಿ, ಮೇಲೆ 2 ಎಂದು ಬರೆದು ಪೂರ್ತಿ ಬೆಲೆಗೆ ಮಾರುತ್ತಿತ್ತು. ಹಿಂದೆಯೇ ಕೊಂಡವರಿಗೆ ಇದು ಉಚಿತವಾಗಿ ಬಂತು. ಇದಕ್ಕೂ ಮೊದಲು 2018ರಲ್ಲಿ ಸಮುದ್ರ, 2019ರಲ್ಲಿ ಹಳ್ಳಿಗಳು, 2020ರಲ್ಲಿ ಪಾತಾಳದಂತಿರುವ ನೆದರ್ ಲೋಕ ಹೀಗೆಯೇ ಹೊಸ ರೂಪ ಪಡೆದಿದ್ದವು. 2011ರ ಆಟವನ್ನು ಇಂದಿನದರ ಪಕ್ಕ ಇಟ್ಟು ನೋಡಿದರೆ ಎರಡು, ಮೂರು, ನಾಲ್ಕನೇ ಭಾಗಗಳು ಸದ್ದಿಲ್ಲದೆ ಬಂದುಹೋಗಿವೆ ಎಂದೇ ಹೇಳಬೇಕು.

ಹೊಸದಾಗಿ ಬರೆಯುವುದಕ್ಕೆ ಇನ್ನೊಂದು ಅಡ್ಡಿ ಇದೆ, ಅದು ತಂತ್ರಾಂಶ ಜಗತ್ತಿನ ಅತ್ಯಂತ ಸುಂದರ ತೊಡಕುಗಳಲ್ಲಿ ಒಂದು. ಆಟದಲ್ಲಿ ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯಿದೆ, ಅದು ವಿದ್ಯುತ್ತಿನ ತಂತಿಯಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಎಂಬ ಯಂತ್ರವಿದೆ, ವಿದ್ಯುತ್ ಬಂದಾಗ ಮುಂದಿನ ಬ್ಲಾಕನ್ನು ತಳ್ಳುತ್ತದೆ. ಪಿಸ್ಟನ್ ಮೊದಲು ಆಟಗಾರರೊಬ್ಬರು ಬರೆದ ಮಾಡ್ (ಆಟಕ್ಕೆ ಹೊರಗಿನಿಂದ ಸೇರಿಸುವ ತಂತ್ರಾಂಶದ ತುಣುಕು) ಆಗಿತ್ತು, 2011ರಲ್ಲಿ ಆಟಕ್ಕೇ ಸೇರಿತು. ಜಾವಾ ಆವೃತ್ತಿಯ ಪಿಸ್ಟನ್‌ಗೆ ಒಂದು ವಿಚಿತ್ರ ಗುಣವಿದೆ: ವಿದ್ಯುತ್ ಪಿಸ್ಟನ್‌ಗೆ ತಾಕಬೇಕಾಗಿಲ್ಲ, ಅದರ ಮೇಲಿನ ಖಾಲಿ ಜಾಗಕ್ಕೆ ತಾಕುವಂತಿದ್ದರೂ ಸಾಕು, ಅದು ಕೆಲಸ ಮಾಡುತ್ತದೆ. ಕಾರಣ, ಪಿಸ್ಟನ್‌ನ ಈ ನಡವಳಿಕೆ ಬಾಗಿಲಿನ ಕೋಡ್‌ನಿಂದ ಬಂದದ್ದು. ಬಾಗಿಲು ಎರಡು ಬ್ಲಾಕ್ ಎತ್ತರ, ಹಾಗಾಗಿ ಮೇಲಿನರ್ಧಕ್ಕೆ ವಿದ್ಯುತ್ ಬಂದರೂ ತೆರೆಯಬೇಕು, ಅದು ಸರಿ. ಒಂದೇ ಬ್ಲಾಕ್ ಎತ್ತರದ ಪಿಸ್ಟನ್‌ಗೆ ಆ ನಿಯಮ ತಪ್ಪು.

ಆದರೆ ತಪ್ಪೆಂದು ತಿಳಿಯುವಷ್ಟರಲ್ಲಿ ಆಟಗಾರರು ಅದನ್ನೇ ಆಧಾರವಾಗಿಟ್ಟುಕೊಂಡು ಗುಪ್ತದ್ವಾರಗಳು, ತಾವಾಗಿಯೇ ಬೆಳೆ ಕೊಯ್ಯುವ ಯಂತ್ರಗಳು, ಸುತ್ತಲಿನ ಬದಲಾವಣೆಯನ್ನು ಪತ್ತೆಹಚ್ಚುವ ಸಾಧನಗಳನ್ನು ಕಟ್ಟಿಬಿಟ್ಟಿದ್ದರು. ತಿದ್ದಿದರೆ ಅವೆಲ್ಲ ನಿಂತುಹೋಗುತ್ತವೆ. ಮೊಜಾಂಗ್ ತಪ್ಪನ್ನು ಹಾಗೆಯೇ ಉಳಿಸಿಕೊಂಡಿತು, ಇದು ಉದ್ದೇಶಪೂರ್ವಕ ಎಂದೇ ದಾಖಲಿಸಿತು. ಮೊಬೈಲಿನ ಬೆಡ್‌ರಾಕ್ ಆವೃತ್ತಿಯನ್ನು ಬೇರೆ ಭಾಷೆಯಲ್ಲಿ ಹೊಸದಾಗಿ ಬರೆದದ್ದರಿಂದ ಅದರಲ್ಲಿ ಈ ತಪ್ಪಿಲ್ಲ. ಇಂದಿಗೂ ರೆಡ್‌ಸ್ಟೋನ್ ಕೆಲಸಗಾರರು ಬೆಡ್‌ರಾಕ್ ಕಡೆ ಸುಲಭಕ್ಕೆ ಬರುವುದಿಲ್ಲ, ಅವರ ಯಂತ್ರಗಳಲ್ಲಿ ಹಲವು ಅಲ್ಲಿ ನಡೆಯುವುದಿಲ್ಲ. ಒಂದೇ ಆಟವನ್ನು ಎರಡನೇ ಸಲ ಶುದ್ಧವಾಗಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಹೊಸದು ಅಚ್ಚುಕಟ್ಟಾಗಿರುತ್ತದೆ, ಆದರೆ ಜನ ಪ್ರೀತಿಸುತ್ತಿದ್ದುದರಲ್ಲಿ ಒಂದು ಪಾಲು ಆ ಅಚ್ಚುಕಟ್ಟಿಲ್ಲದ ಜಾಗದಲ್ಲಿಯೇ ಇತ್ತು.

ಈಗ ಅನಾಹುತದ ಕಥೆ. ಮೈನ್‌ಕ್ರಾಫ್ಟ್‌ಗೆ ಆಗದೆ ಉಳಿದದ್ದು ಕರ್ಬಲ್ ಸ್ಪೇಸ್ ಪ್ರೋಗ್ರಾಂಗೆ ಆಯಿತು. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಎಂಬುವವರು ಆರಂಭಿಸಿದ ಆಟ ಅದು. 2011ರಲ್ಲಿ ಮೊದಲ ಬಾರಿ ಹೊರಬಂದು, 2015ರಲ್ಲಿ ಪೂರ್ಣ ರೂಪ ಪಡೆಯಿತು. ಹಸಿರು ಬಣ್ಣದ ಪುಟ್ಟ ಜೀವಿಗಳಿಗಾಗಿ ರಾಕೆಟ್ ಜೋಡಿಸಿ, ಹಾರಿಸಿ, ಕಕ್ಷೆಗೆ ಸೇರಿಸುವುದು ಆಟ. ಇಂಧನ, ತೂಕ, ವೇಗ ಇವುಗಳ ಲೆಕ್ಕ ತಪ್ಪಿದರೆ ರಾಕೆಟ್ ನೆಲಕ್ಕೆ ಬೀಳುತ್ತದೆ. ಕಕ್ಷೆಯ ಭೌತಶಾಸ್ತ್ರವನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ ಆಟ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಾಸಾ ಕೂಡ ಇವರ ಜೊತೆ ಕೈಜೋಡಿಸಿ 2014ರಲ್ಲಿ ಕ್ಷುದ್ರಗ್ರಹ ಯಾನದ ಕಂತೊಂದನ್ನು ತಂದಿತ್ತು.

2017ರ ಮೇ ತಿಂಗಳಲ್ಲಿ ಅಮೆರಿಕದ ಟೇಕ್-ಟೂ ಎಂಬ ಆಟಗಳ ಕಂಪನಿ ಈ ಆಟದ ಹಕ್ಕನ್ನು ಕೊಂಡಿತು. 2019ರ ಆಗಸ್ಟ್‌ನಲ್ಲಿ ಎರಡನೇ ಭಾಗ ಪ್ರಕಟವಾಯಿತು, 2020ರಲ್ಲಿ ಬರುತ್ತದೆ ಎಂದರು. ಅದನ್ನು ಕಟ್ಟುವ ಗುತ್ತಿಗೆ ಸ್ಟಾರ್ ಥಿಯರಿ ಎಂಬ ಸಂಸ್ಥೆಗೆ ಸಿಕ್ಕಿತ್ತು. ಕೆಲವೇ ತಿಂಗಳಲ್ಲಿ ಟೇಕ್-ಟೂ ಆ ಗುತ್ತಿಗೆಯನ್ನು ಹಿಂದಕ್ಕೆ ಪಡೆದು, ತನ್ನದೇ ಹೊಸ ತಂಡ ಕಟ್ಟಿ, ಸ್ಟಾರ್ ಥಿಯರಿಯ ಕೆಲಸಗಾರರಲ್ಲಿ ಹಲವರನ್ನು ಅಲ್ಲಿಗೆ ಸೆಳೆದುಕೊಂಡಿತು. ಸ್ಟಾರ್ ಥಿಯರಿ ಬಾಗಿಲು ಮುಚ್ಚಿತು. ಬಿಡುಗಡೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಯಿತು. ಈ ನಡುವೆ 2021ರಲ್ಲಿ ಮೊದಲ ಭಾಗದ ಕೊನೆಯ ದೊಡ್ಡ ಅಪ್‌ಡೇಟ್ ಬಂದು, ಅದರ ಬೆಳವಣಿಗೆ ನಿಂತಿತು, ಗಮನವೆಲ್ಲ ಎರಡನೆಯದರ ಕಡೆ ಹರಿಯಿತು. 2023ರ ಫೆಬ್ರುವರಿ 24ರಂದು ಎರಡನೇ ಭಾಗ ಸುಮಾರು 50 ಡಾಲರ್ ಬೆಲೆಗೆ ಹೊರಬಿದ್ದಾಗ ಅದು ಅಪೂರ್ಣವಾಗಿತ್ತು. ಮೊದಲ ಭಾಗದಲ್ಲಿದ್ದ ವಿಜ್ಞಾನ ಪ್ರಯೋಗಗಳಿರಲಿಲ್ಲ, ವಾತಾವರಣಕ್ಕೆ ಮರಳುವಾಗಿನ ಬಿಸಿ ಇರಲಿಲ್ಲ, ಹೊಸದಾಗಿ ಕೊಡುತ್ತೇವೆ ಎಂದಿದ್ದ ವಸಾಹತುಗಳೂ ಜೊತೆಗೂಡಿ ಆಡುವ ಸೌಲಭ್ಯವೂ ಇರಲಿಲ್ಲ. ಒಳ್ಳೆಯ ಕಂಪ್ಯೂಟರ್‌ಗಳೂ ಅದರ ಮುಂದೆ ಏದುಸಿರು ಬಿಟ್ಟವು. ವರ್ಷದ ಕೊನೆಯಲ್ಲಿ ವಿಜ್ಞಾನ ಪ್ರಯೋಗ ಸೇರಿತು. 2024ರಲ್ಲಿ ಸಿಯಾಟಲ್‌ನ ಆ ತಂಡವನ್ನೇ ಮುಚ್ಚಲಾಯಿತು. ವಸಾಹತುಗಳು ಬರಲೇ ಇಲ್ಲ.

ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಎರಡನೇ ಭಾಗ ತಾನು ಸತ್ತದ್ದಲ್ಲದೆ ಮೊದಲ ಭಾಗದ ಬೆಳವಣಿಗೆಯನ್ನೂ ನುಂಗಿತು. ಪ್ರತಿಭಾವಂತ ತಂತ್ರಜ್ಞರು ವರ್ಷಗಟ್ಟಲೆ ದುಡಿದು ಬೀದಿಗೆ ಬಂದರು. ಇಂದಿಗೂ ಕರ್ಬಲ್ ಆಡಬೇಕೆನ್ನುವವರಿಗೆ ನಾನು ಶಿಫಾರಸು ಮಾಡುವುದು ಮೊದಲನೆಯದನ್ನೇ, ಮಾಡ್‌ಗಳನ್ನು ಬರೆಯುವ ಅದರ ಅಭಿಮಾನಿಗಳು ಅದನ್ನು ಜೀವಂತವಾಗಿಟ್ಟಿದ್ದಾರೆ.

ಕರ್ಬಲ್‌ಗೆ ಎರಡನೇ ಭಾಗ ಬೇಕೇ ಇರಲಿಲ್ಲ ಎಂದು ಹೇಳಲಾರೆ. ಅದರ ಮೂಲ ಎಂಜಿನ್, ಅಂದರೆ ಆಟವನ್ನು ನಡೆಸುವ ಒಳಗಿನ ತಂತ್ರಾಂಶ, ಭಾರವಾಗಿತ್ತು. ಭಾಗಗಳು ಹೆಚ್ಚಾದಂತೆ ರಾಕೆಟ್ ಕುಸಿಯುತ್ತಿತ್ತು, ಕಂಪ್ಯೂಟರ್ ನಿಧಾನವಾಗುತ್ತಿತ್ತು. ನಕ್ಷತ್ರಗಳ ನಡುವಿನ ಪಯಣದಂಥ ಕನಸುಗಳು ಆ ಹಳೆಯ ಚೌಕಟ್ಟಿನಲ್ಲಿ ಹಿಡಿಸುವಂತಿರಲಿಲ್ಲ. ಅಗತ್ಯ ನಿಜವಾದದ್ದೇ. ಕೆಟ್ಟದ್ದು, ಆ ಅಗತ್ಯವನ್ನು ಪೂರೈಸುವ ತಾಳ್ಮೆ ಕೊಂಡವರಲ್ಲಿ ಇಲ್ಲದಿದ್ದುದು. ಹೀಗಾಗಿ ಯಾವುದೇ ಆಟ ಕೈ ಬದಲಾದಾಗ ನಾನು ಎರಡು ಸಂಗತಿಗಳನ್ನು ನೋಡುತ್ತೇನೆ. ಆಟವನ್ನು ಕಟ್ಟಿದ ತಂಡ ಹಾಗೇ ಉಳಿಯಿತೇ ಅಥವಾ ಕೆಲಸ ಬೇರೆಯವರಿಗೆ ಹೋಯಿತೇ? ಹಳೆಯ ಆಟಕ್ಕೆ ಅಪ್‌ಡೇಟ್ ಬರುವುದು ಮುಂದುವರಿಯಿತೇ ಅಥವಾ ನಿಂತಿತೇ? ಎರಡಕ್ಕೂ ಉತ್ತರ ಕೆಟ್ಟದಾಗಿದ್ದರೆ ಮುಂಬರುವ ಎರಡನೇ ಭಾಗಕ್ಕೆ ಮುಂಗಡ ಹಣ ಕೊಡಬೇಡಿ.

ಓವರ್‌ವಾಚ್ ಎಂಬ ಆಟ ಇನ್ನೊಂದು ಬಗೆಯ ಎಚ್ಚರಿಕೆ. ಅದನ್ನು ಮಾಡಿದ ಬ್ಲಿಝಾರ್ಡ್ ಆಗಿನ್ನೂ ಮೈಕ್ರೋಸಾಫ್ಟ್ ಕೈಗೆ ಬಂದಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಎರಡನೇ ಭಾಗ ಬಂದಾಗ ಮೊದಲನೆಯದರ ಸರ್ವರ್‌ಗಳನ್ನು ಮುಚ್ಚಿಬಿಟ್ಟರು. ಹಣ ಕೊಟ್ಟು ಕೊಂಡವರಿಗೂ ಹಳೆಯದನ್ನು ಆಡುವ ಆಯ್ಕೆ ಉಳಿಯಲಿಲ್ಲ. ಎರಡನೇ ಭಾಗಕ್ಕೆ ಕಾರಣವೆಂದು ಹೇಳಿದ್ದ ಕಥಾಪ್ರಧಾನ ಆಟದ ದೊಡ್ಡ ಯೋಜನೆಯನ್ನು 2023ರ ಮೇ ತಿಂಗಳಲ್ಲಿ ಕೈಬಿಟ್ಟರು.

ಹೀಗೆಂದು ಮೈಕ್ರೋಸಾಫ್ಟನ್ನು ಹೊಗಳುವುದಕ್ಕೆ ನಾನು ಕುಳಿತಿಲ್ಲ. ಎರಡನೇ ಭಾಗ ಮಾರಲಿಲ್ಲವೆಂದರೆ ಹಣ ಬೇರೆ ದಾರಿಯಲ್ಲಿ ಬರುತ್ತಿದೆ ಎಂದರ್ಥ. ಶಾಲೆಗಳಿಗಾಗಿ ಪ್ರತ್ಯೇಕ ಆವೃತ್ತಿ ಇದೆ, ಆಟಿಕೆಗಳಿವೆ, 2025ರ ಏಪ್ರಿಲ್‌ನಲ್ಲಿ ಬಂದ ಚಲನಚಿತ್ರ 90 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು 2017ರಲ್ಲಿ ಬೆಡ್‌ರಾಕ್ ಆವೃತ್ತಿಯೊಳಗೆ ತೆರೆದ ಅಂಗಡಿಯ ಬಗ್ಗೆ. ಬಟ್ಟೆ, ನಕ್ಷೆ, ಹೊಸ ಲೋಕ ಎಲ್ಲವೂ ಅಲ್ಲಿ ಮೈನ್‌ಕಾಯಿನ್ ಎಂಬ ನಾಣ್ಯಕ್ಕೆ ಸಿಗುತ್ತವೆ. ಮೊದಲು ರೂಪಾಯಿ ಕೊಟ್ಟು ನಾಣ್ಯ ಕೊಳ್ಳಬೇಕು, ಆಮೇಲೆ ನಾಣ್ಯ ಕೊಟ್ಟು ವಸ್ತು ಕೊಳ್ಳಬೇಕು. ಹನ್ನೆರಡು ವರ್ಷದ ಹುಡುಗನಿಗೆ ತಾನು ಎಷ್ಟು ರೂಪಾಯಿ ಖರ್ಚು ಮಾಡಿದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುವುದಿಲ್ಲ. ಜಾವಾ ಆವೃತ್ತಿಯಲ್ಲಿ ಅಭಿಮಾನಿಗಳು ಬರೆದ ಸಾವಿರಾರು ಮಾಡ್‌ಗಳು ಉಚಿತವಾಗಿ ಸಿಗುತ್ತವೆ ಎಂಬುದನ್ನು ನೆನೆದರೆ ಇದು ಇನ್ನಷ್ಟು ಬೇಸರದ ವಿಷಯ.

ಹಳೆಯ ಮೊಜಾಂಗ್ ಖಾತೆಗಳನ್ನು ಮೈಕ್ರೋಸಾಫ್ಟ್ ಖಾತೆಗಳಿಗೆ ಬದಲಿಸಿಕೊಳ್ಳಲೇಬೇಕೆಂದು ಕಡ್ಡಾಯ ಮಾಡಿ, 2023ರ ಸೆಪ್ಟೆಂಬರ್‌ನಲ್ಲಿ ಗಡುವು ಮುಗಿಸಿದರು. ಅಷ್ಟರೊಳಗೆ ಬದಲಿಸಿಕೊಳ್ಳದವರು ಹಣ ಕೊಟ್ಟು ಕೊಂಡ ಆಟವನ್ನೇ ಕಳೆದುಕೊಂಡರು. ಇದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಪಕ್ಕದ ಕವಲುಗಳಲ್ಲಿಯೂ ಎಡವಿದ್ದಾರೆ: ರಸ್ತೆಯಲ್ಲಿ ನಡೆದಾಡುತ್ತ ಫೋನಿನಲ್ಲಿ ಆಡಬೇಕಿದ್ದ ಮೈನ್‌ಕ್ರಾಫ್ಟ್ ಅರ್ತ್ 2021ರ ಜೂನ್‌ನಲ್ಲಿ ಮುಚ್ಚಿತು, 2023ರಲ್ಲಿ ಬಂದ ಲೆಜೆಂಡ್ಸ್‌ಗೆ ವರ್ಷ ತುಂಬುವ ಮೊದಲೇ ಹೊಸ ಸೇರ್ಪಡೆಗಳು ನಿಂತವು. ಆದರೂ ಈ ಪ್ರಯೋಗಗಳು ಪಕ್ಕದಲ್ಲಿ ನಡೆದು ಪಕ್ಕದಲ್ಲಿಯೇ ಮುಗಿದವು, ಮೂಲ ಆಟಕ್ಕೆ ಗಾಯವಾಗಲಿಲ್ಲ. ಡಂಜನ್ಸ್ ಎಂಬುದು ಮಾತ್ರ ಒಳ್ಳೆಯ ಆಟ, ಮನೆಮಂದಿ ಕೂತು ಆಡಬಹುದು.

ಹಾಗಾದರೆ ಇದಕ್ಕಿಂತ ಮುಂದಿನದು ಬೇಡವೇ? ಬೇಕು, ಆದರೆ ಅದನ್ನು ಬೇರೆಯವರು ಮಾಡಲಿ ಎನ್ನುತ್ತೇನೆ. ಹೈಪಿಕ್ಸೆಲ್ ಎಂಬ ಹೆಸರಾಂತ ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತಿದ್ದವರು 2018ರಲ್ಲಿ ಹೈಟೇಲ್ ಎಂಬ ತಮ್ಮದೇ ಆಟವನ್ನು ಪ್ರಕಟಿಸಿದರು. ಬ್ಲಾಕ್‌ಗಳ ಲೋಕ, ಅದರ ಜೊತೆಗೆ ಸಾಹಸ, ಮಾಡ್ ಬರೆಯುವವರಿಗೆ ಮೊದಲಿನಿಂದಲೇ ಸೌಲಭ್ಯ. ಜನ ಇದನ್ನೇ ನಿಜವಾದ ಮೈನ್‌ಕ್ರಾಫ್ಟ್ 2 ಎಂದು ಕರೆದರು. 2020ರಲ್ಲಿ ರಯಟ್ ಗೇಮ್ಸ್ ಅವರನ್ನು ಕೊಂಡಿತು. ನಡುವೆ ಎಂಜಿನ್ನನ್ನೇ ಬದಲಿಸುವ ನಿರ್ಧಾರವಾಯಿತು, ವರ್ಷಗಳು ಉರುಳಿದವು, 2025ರ ಜೂನ್‌ನಲ್ಲಿ ಆಟವನ್ನು ರದ್ದುಮಾಡಿ ತಂಡವನ್ನು ವಿಸರ್ಜಿಸುವ ಪ್ರಕಟಣೆ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಸ್ಥಾಪಕರಲ್ಲೊಬ್ಬರಾದ ಸೈಮನ್ ಕಾಲಿನ್ಸ್-ಲಾಫ್ಲಾಮ್ ತಾವೇ ಅದನ್ನು ಮರಳಿ ಕೊಂಡು, ಹಳೆಯ ಎಂಜಿನ್ನನ್ನೇ ಹಿಡಿದು ಕೆಲಸ ಮುಂದುವರಿಸಿದರು. ಈ ಆಟ ಹೇಗೇ ಇರಲಿ, ಕೈಯಿಂದ ಹೋದದ್ದನ್ನು ಕಟ್ಟಿದವರೇ ಮರಳಿ ಪಡೆದರು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ. ಮಾರ್ಕಸ್ ಪರ್ಸನ್ ಕೂಡ 2025ರ ಜನವರಿಯಲ್ಲಿ, ಮೈನ್‌ಕ್ರಾಫ್ಟ್ ದಾರಿಯಲ್ಲಿಯೇ ಇನ್ನೊಂದು ಆಟ ಮಾಡಲೇ ಎಂದು ತಮ್ಮ ಹಿಂಬಾಲಕರನ್ನು ಕೇಳಿದ್ದರು. ಬರಲಿ. ಪೈಪೋಟಿ ಇದ್ದರೆ ಮೊಜಾಂಗ್ ಕೂಡ ಚುರುಕಾಗುತ್ತದೆ. ಹೊಸ ಆಟ ಪಕ್ಕದ ಅಂಗಡಿಯಿಂದ ಬಂದರೆ ನಿಮ್ಮ ಮಗನ ಹಳೆಯ ಲೋಕಕ್ಕೆ ಯಾವ ಹಾನಿಯೂ ಇಲ್ಲ.

ಇನ್ನು ನಿಮ್ಮ ಖರೀದಿಯ ವಿಚಾರ. 2022ರ ಜೂನ್‌ನಿಂದ ವಿಂಡೋಸ್ ಕಂಪ್ಯೂಟರಿಗೆ ಜಾವಾ ಮತ್ತು ಬೆಡ್‌ರಾಕ್ ಎರಡೂ ಆವೃತ್ತಿಗಳು ಒಂದೇ ಬೆಲೆಗೆ ಒಟ್ಟಾಗಿ ಸಿಗುತ್ತವೆ, ಯಾವುದು ಎಂದು ಆರಿಸುವ ತಲೆನೋವಿಲ್ಲ. ಮೊಬೈಲಿಗೆ ಕೊಟ್ಟ ಹಣ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ, ಮತ್ತೆ ಕೊಳ್ಳಬೇಕು. ಮಗ ಮೊಬೈಲಿನಲ್ಲಿ ಕಟ್ಟಿರುವ ಲೋಕವನ್ನು ಸೆಟ್ಟಿಂಗ್ಸ್ ಒಳಗಿನ ಎಕ್ಸ್‌ಪೋರ್ಟ್ ಮೂಲಕ ಕಡತವಾಗಿ ಹೊರತೆಗೆದು, ಲ್ಯಾಪ್‌ಟಾಪಿನ ಬೆಡ್‌ರಾಕ್‌ನಲ್ಲಿ ತೆರೆಯಬಹುದು. ಜಾವಾದಲ್ಲಿ ಅದು ನೇರವಾಗಿ ತೆರೆಯುವುದಿಲ್ಲ, ಅಲ್ಲಿ ಹೊಸದಾಗಿ ಆರಂಭಿಸಲಿ. ಮಾಡ್ ಹಾಕುವುದು, ಮುಂದೆ ಮಾಡ್ ಬರೆಯುವುದು, ಆ ಮೂಲಕ ಪ್ರೋಗ್ರಾಮಿಂಗ್ ಕಡೆ ಕುತೂಹಲ ಹುಟ್ಟುವುದು ಜಾವಾದಲ್ಲಿಯೇ ಸುಲಭ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಇದ್ದರೆ ತೊಂದರೆಯಿಲ್ಲ.

ಖಾತೆಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಕುಟುಂಬ ಗುಂಪಿನಲ್ಲಿ ಮಗುವಿನ ಖಾತೆಯಾಗಿಯೇ ಮಾಡಿ. ಯಾರ ಜೊತೆ ಆಡಬಹುದು, ಹಣ ಖರ್ಚು ಮಾಡಬಹುದೇ ಎಂಬುದು ನಿಮ್ಮ ಕೈಯಲ್ಲಿರುತ್ತದೆ. ಬ್ಯಾಂಕ್ ಕಾರ್ಡಿನ ವಿವರವನ್ನು ಅದರಲ್ಲಿ ಉಳಿಸಬೇಡಿ. ಪಾಸ್‌ವರ್ಡ್ ಮತ್ತು ಮರುಪಡೆಯುವ ಇಮೇಲ್ ನಿಮ್ಮ ಬಳಿ ಬರೆದಿಟ್ಟುಕೊಳ್ಳಿ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ, ಆಟ ತೆರೆಯುವ ಮೊದಲು ಲೋಕಗಳ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವ ಅಭ್ಯಾಸವನ್ನು ಮಗನಿಗೆ ಕಲಿಸಿ. ಜಾವಾದಲ್ಲಿ ಅದು ಸೇವ್ಸ್ ಎಂಬ ಫೋಲ್ಡರಿನಲ್ಲಿರುತ್ತದೆ, ಒಂದೊಂದು ಲೋಕಕ್ಕೂ ಒಂದೊಂದು ಫೋಲ್ಡರ್. ಪರಿವರ್ತನೆ ಸಾಮಾನ್ಯವಾಗಿ ಸರಿಯಾಗಿಯೇ ಆಗುತ್ತದೆ, ಆದರೆ ಒಮ್ಮೆ ಹೊಸ ಆವೃತ್ತಿಯಲ್ಲಿ ತೆರೆದ ಲೋಕವನ್ನು ಹಳೆಯದರಲ್ಲಿ ಮತ್ತೆ ತೆರೆಯಲು ಹೋದರೆ ಕೆಡಬಹುದು.